ಕೆನಡಾದ ಹ್ಯಾಲಿಫ್ಯಾಕ್ಸಲ್ಲಿ ಮೊದಲ ಚಳಿಗಾಲ
ಕುಂದಾಪುರದವಳಿಗೆ ಕಡಲು ಹೊಸದಲ್ಲ, ಆದ್ರೆ ಈ ಅಟ್ಲಾಂಟಿಕ್ ಬೇರೆನೇ. ಡಿಸೆಂಬರಲ್ಲಿ ಸಂಜೆ 4:30ರ ಹೊತ್ತಿಗೆಲ್ಲ ಸೂರ್ಯ ಮುಳುಗ್ತಾನೆ, ಸ್ನೋಗಿಂತ ಕಷ್ಟ ಅಂದ್ರೆ ಫ್ರೀಜಿಂಗ್ ರೇನ್, ಬೀಳುವಾಗ ಮಳೆನೇ, ನೆಲ ಮುಟ್ಟಿದ ತಕ್ಷಣ ಗಾಜಿನ ಹಾಗೆ ಐಸ್ ಆಗಿಬಿಡುತ್ತೆ, ಬಸ್ ಸ್ಟಾಪ್ ತನಕ ನಡ್ಯೋದೂ ಭಯ. ಆದ್ರೂ ಇಲ್ಲಿನ ಹಾರ್ಬರ್ ಚಳಿಗಾಲದಲ್ಲೂ ಹೆಪ್ಪುಗಟ್ಟಲ್ಲ, ಹಡಗುಗಳು ಬರ್ತಾನೇ ಇರ್ತವೆ, ಎದುರು ದಡದ ಡಾರ್ಟ್‌ಮೌತ್ ಫೆರಿಯಂತೂ 1752ರಿಂದ ಇದೆ, ಕೆಲಸ ಮುಗಿಸಿ ಅದ್ರಲ್ಲಿ ಕೂತ್ರೆ ಯಾಕೋ ನಮ್ಮೂರ ಪಕ್ಕದ ಗಂಗೊಳ್ಳಿ ಬಂದರು ನೆನಪಾಗಿ ಮನಸ್ಸು ಸ್ವಲ್ಪ ಹಗುರಾಗುತ್ತೆ. ಅಮ್ಮನಿಗೆ ಫೋನ್ ಬೆಳಗ್ಗೆನೇ ಮಾಡ್ಬೇಕು, ಇಲ್ಲಿ 7:30 ಅಂದ್ರೆ ಊರಲ್ಲಿ ಸಂಜೆ 5. ನಂಗೆ ಸಂಜೆ ಆಗೋಷ್ಟ್ರಲ್ಲಿ ಅವ್ರು ಮಲಗಿರ್ತಾರೆ, ಒಬ್ಳೇ ಅನ್ಸೋದು ಆ ಹೊತ್ತಲ್ಲೇ ಜಾಸ್ತಿ. ಈ ಕಡೆ ಕನ್ನಡದವ್ರು ಯಾರಾದ್ರೂ ಇದ್ರೆ ಮೆಸೇಜ್ ಮಾಡಿ, ಕುಚ್ಚಲಕ್ಕಿ ಎಲ್ಲಿ ಸಿಗುತ್ತೆ ಅಂತನೂ ಹೇಳಿ.