ದೂರ ಒಂದೇ, ಹಾರಾಟದ ಹೊತ್ತು ಬೇರೆ ಬೇರೆ

ವಿಮಾನಗಳ ಮಾರ್ಗ, ಇಂಧನದ ಲೆಕ್ಕ ಹಾಕುವ ಫ್ಲೈಟ್ ಡಿಸ್ಪ್ಯಾಚ್ ವಿಭಾಗದಲ್ಲಿರುವ ನನ್ನನ್ನು ಪರಿಚಿತರು ಪದೇಪದೇ ಕೇಳುವುದು ಒಂದೇ ಪ್ರಶ್ನೆ: ಈ ನಿಲ್ದಾಣದಿಂದ ಆ ನಿಲ್ದಾಣಕ್ಕೆ ಎಷ್ಟು ದೂರ, ಎಷ್ಟು ಹೊತ್ತಿನ ಹಾರಾಟ? ದೂರದ ಉತ್ತರ ಸುಲಭ. ಗೋಳದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿ ಮಹಾವೃತ್ತದ (ಗೋಳವನ್ನು ಎರಡು ಸಮಭಾಗ ಮಾಡುವ ವೃತ್ತದ) ಕಂಸವಾದ್ದರಿಂದ, ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ ಲೆಕ್ಕ ಮುಗಿಯಿತು. ನ್ಯೂಯಾರ್ಕ್‌ನ ಕೆನಡಿ ನಿಲ್ದಾಣದಿಂದ ಲಂಡನ್‌ನ ಹೀಥ್ರೋವಿಗೆ ಅದು ಸುಮಾರು 5,540 ಕಿಲೋಮೀಟರ್.

ಆದರೆ ಈ ದೂರವನ್ನು ವಿಮಾನದ ವೇಗದಿಂದ ಭಾಗಿಸಿ ಪಡೆದ ಹೊತ್ತನ್ನು ನಂಬಿ ಇಂಧನ ತುಂಬಿಸಲಾಗದು. ವಿಮಾನದ ವೇಗ ಸುತ್ತಲಿನ ಗಾಳಿಗೆ ಸಂಬಂಧಿಸಿದ್ದೇ ಹೊರತು ನೆಲಕ್ಕಲ್ಲ. ವಿಮಾನ ಹಾರುವ ಎತ್ತರದಲ್ಲಿ ಗಾಳಿ ನಿಶ್ಚಲವಾಗಿರುವುದು ಅಪರೂಪ. 2,400 ಕಿಲೋಮೀಟರ್ ದಾರಿಯಲ್ಲಿ ಗಂಟೆಗೆ 800 ಕಿಲೋಮೀಟರ್ ವೇಗದ ವಿಮಾನಕ್ಕೆ 100 ಕಿಲೋಮೀಟರ್ ವೇಗದ ಎದುರುಗಾಳಿ ಸಿಕ್ಕರೆ ಸುಮಾರು 3 ಗಂಟೆ 26 ನಿಮಿಷ ಬೇಕು. ಅದೇ ಗಾಳಿ ಹಿಂದಿನಿಂದ ಬೀಸಿದರೆ 2 ಗಂಟೆ 40 ನಿಮಿಷ ಸಾಕು. ಹೋಗಿಬರುವ ಲೆಕ್ಕದಲ್ಲಿ ಇದು ಸರಿಹೋಗುತ್ತದೆಂದು ಹೊಸಬರು ವಾದಿಸುವುದುಂಟು, ಆದರೆ ಕೂಡಿದರೆ 6 ಗಂಟೆಗೆ ಬದಲು 6 ಗಂಟೆ 6 ನಿಮಿಷ ಬರುತ್ತದೆ, ಏಕೆಂದರೆ ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಕಳೆಯುತ್ತದೆ. ಎದುರುಗಾಳಿಯ ಆ ಹಾರಾಟದಲ್ಲಿ ವಿಮಾನ ಗಾಳಿಯೊಳಗೆ ಕ್ರಮಿಸಿದ ದೂರ ಸುಮಾರು 2,740 ಕಿಲೋಮೀಟರ್; ಇಂಧನ ಖರ್ಚಾಗುವುದು ಈ ದೂರಕ್ಕೆ, ನಕ್ಷೆಯ ದೂರಕ್ಕಲ್ಲ. ಆದ್ದರಿಂದಲೇ ಫ್ಲೈಟ್ ಪ್ಲಾನ್ ಕೈಗೆ ಬಂದೊಡನೆ ನನ್ನ ಕಣ್ಣು ಹೋಗುವುದು ಸರಾಸರಿ ಗಾಳಿಯ ಅಂಕಿಯತ್ತ: ಅದರ ಮುಂದೆ ‘ಎಂ’ (ಮೈನಸ್) ಇದ್ದರೆ ಎದುರುಗಾಳಿ, ‘ಪಿ’ (ಪ್ಲಸ್) ಇದ್ದರೆ ಹಿಂಗಾಳಿ.

ಉತ್ತರ ಅಟ್ಲಾಂಟಿಕ್‌ನಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್‌ನ, ಅಂದರೆ ಎತ್ತರದಲ್ಲಿನ ರಭಸದ ಗಾಳಿಪ್ರವಾಹದ, ಪ್ರಭಾವ ಎಷ್ಟೆಂದರೆ, ಅಲ್ಲಿನ ಮಾರ್ಗಗಳನ್ನೇ ಗಾಳಿಯ ಮುನ್ಸೂಚನೆ ನೋಡಿ ದಿನಕ್ಕೆ ಎರಡು ಬಾರಿ ಹೊಸದಾಗಿ ಎಳೆಯುವ ಪದ್ಧತಿ ಬೆಳೆದುಬಂದಿದೆ. 2020ರ ಫೆಬ್ರವರಿಯಲ್ಲಿ ಸಿಯಾರಾ ಬಿರುಗಾಳಿಯ ಸಮಯದಲ್ಲಿ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ವಿಮಾನವೊಂದು, ಸಾಮಾನ್ಯವಾಗಿ ಆರು ಗಂಟೆಗೂ ಹೆಚ್ಚು ಹಿಡಿಯುವ ನ್ಯೂಯಾರ್ಕ್–ಲಂಡನ್ ಹಾರಾಟವನ್ನು 4 ಗಂಟೆ 56 ನಿಮಿಷದಲ್ಲಿ ಮುಗಿಸಿತು. ಇಂಜಿನ್‌ನಲ್ಲಿ ಹೊಸದೇನೂ ಇರಲಿಲ್ಲ.

ಗಾಳಿಯಷ್ಟೇ ಅಲ್ಲ, ದಾರಿಯೂ ನಮ್ಮ ಇಚ್ಛೆಯಂತಿರುವುದಿಲ್ಲ. 2022ರಲ್ಲಿ ರಷ್ಯಾದ ವಾಯುಪ್ರದೇಶ ಯುರೋಪಿನ ಸಂಸ್ಥೆಗಳಿಗೆ ಮುಚ್ಚಿದ ಬಳಿಕ, ಸುಮಾರು ಒಂಬತ್ತೂವರೆ ಗಂಟೆಯ ಹೆಲ್ಸಿಂಕಿ–ಟೋಕಿಯೋ ಹಾರಾಟ 13 ಗಂಟೆಯ ಆಸುಪಾಸಿಗೆ ಏರಿತು. ಎರಡು ನಿಲ್ದಾಣಗಳ ನಡುವಿನ ದೂರ ಒಂದು ಮೀಟರ್ ಕೂಡ ಬದಲಾಗಿರಲಿಲ್ಲ.

ಇನ್ನು ಟಿಕೆಟ್‌ನಲ್ಲಿ ಕಾಣುವುದು ಬ್ಲಾಕ್ ಟೈಮ್, ಅಂದರೆ ವಿಮಾನ ತನ್ನ ನಿಲುಗಡೆಯಿಂದ ಕದಲಿದ ಕ್ಷಣದಿಂದ ಇನ್ನೊಂದು ನಿಲುಗಡೆಯಲ್ಲಿ ನಿಲ್ಲುವವರೆಗಿನ ಹೊತ್ತು. ರನ್‌ವೇಗೆ ಸಾಗುವ, ಸರದಿಗೆ ಕಾಯುವ ನಿಮಿಷಗಳು ಅದರಲ್ಲೇ ಸೇರಿರುತ್ತವೆ. ವಿಳಂಬಕ್ಕೆಂದು ಇಟ್ಟ ಒಂದಿಷ್ಟು ಅವಕಾಶವೂ ಇರುತ್ತದೆ. ಬೇಗ ಇಳಿದಾಗ ಪೈಲಟ್ ಜೋರಾಗಿ ಓಡಿಸಿದರೆಂದು ಪ್ರಯಾಣಿಕರು ಮೆಚ್ಚುತ್ತಾರೆ; ಅನೇಕ ಬಾರಿ ಆ ಮೆಚ್ಚುಗೆ ಸಲ್ಲಬೇಕಾದದ್ದು ವೇಳಾಪಟ್ಟಿ ಮಾಡಿದವರಿಗೆ.