ಹಿತ್ತಾಳೆ ಎಂಜಿನ್: ಕಾವು ಎಲ್ಲಿಯವರೆಗೆ ಹೋಗುತ್ತದೆ ಅನ್ನೋದೇ ಲೆಕ್ಕ

ಮೇಜಿನಿಂದ ಬಿದ್ದ ಹಿತ್ತಾಳೆ ರೈಲು ಎಂಜಿನ್ ಮಾಡೆಲ್ ರಿಪೇರಿ ಬೆಂಚಿಗೆ ಬರುವ ಹೊತ್ತಿಗೆ ಸಾಮಾನ್ಯವಾಗಿ ಎರಡು ಸಲ ಪೆಟ್ಟು ತಿಂದಿರುತ್ತದೆ. ಮೊದಲನೆಯದು ನೆಲದ್ದು, ಎರಡನೆಯದು ಮನೆಯವರ ಕಾಳಜಿಯದ್ದು. ದೇವರ ಮನೆ ದೀಪಕ್ಕೆ ಮಾಡಿದ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಿರುತ್ತಾರೆ, ಕಿತ್ತು ಬಂದ ಕಡೆ ಫೆವಿಕ್ವಿಕ್ ಬಿಟ್ಟಿರುತ್ತಾರೆ. ಹುಣಸೆಯ ಹುಳಿ ಮೇಲ್ಪದರದ ಸತುವನ್ನು ತಿಂದು ತಾಮ್ರ ಉಳಿಸುತ್ತದೆ, ಎಂಜಿನ್ ಅಲ್ಲಲ್ಲಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಂಟು ಇದ್ದ ಜಾಗದಲ್ಲಿ ಬೆಸುಗೆ ಹಿಡಿಯುವುದಿಲ್ಲ. ಕಾಯಿಸಿದರೆ ಕಣ್ಣು ಉರಿಸುವ ಹೊಗೆ ಬೇರೆ. ಅಂಟನ್ನು ಅಸಿಟೋನ್‌ನಲ್ಲಿ ನೆನೆಸಿ ತೆಗೆಯಬೇಕು, ಆದರೆ ಮೋಟಾರು, ಚಕ್ರ, ಪ್ಲಾಸ್ಟಿಕ್ ಇರುವ ಎಲ್ಲವನ್ನೂ ಬಿಚ್ಚಿಟ್ಟ ಮೇಲೆ ಮಾತ್ರ.

ಅಮೋನಿಯಾ ಇರುವ ಪಾಲಿಶ್ ಕೂಡ ಬೇಡ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದ ಕುದುರೆ ಲಾಯಗಳಲ್ಲಿ ಇಟ್ಟ ಹಿತ್ತಾಳೆ ತೋಟಾಗಳು ಮಳೆಗಾಲ ಬಂದರೆ ತಾವಾಗಿ ಸೀಳುತ್ತಿದ್ದವು. ಕುದುರೆ ಮೂತ್ರದ ಅಮೋನಿಯಾ, ಗಾಳಿಯ ತೇವ, ಒತ್ತಿ ಮಾಡಿದ ಲೋಹದೊಳಗೆ ಉಳಿದ ಬಿಗುವು ಮೂರೂ ಸೇರಿ ಆದ ಕೆಲಸ ಅದು. ಬಾಗಿದ ಎಂಜಿನ್ ತಗಡಿನಲ್ಲೂ ಅಂಥದೇ ಬಿಗುವು ಇರುತ್ತದೆ. ಕಲಾಯಿಯವರ ನವಸಾಗರವನ್ನು ಫ್ಲಕ್ಸ್ ಆಗಿ (ಬೆಸುಗೆ ಹಿಡಿಯಲು ಲೋಹದ ಮೈ ಶುಚಿ ಮಾಡುವ ವಸ್ತುವಾಗಿ) ಬಳಸಬಾರದು ಅನ್ನುವುದಕ್ಕೂ ಇದೇ ಕಾರಣ. ಅದು ಅಮೋನಿಯಂ ಕ್ಲೋರೈಡ್, ಸಂದಿಯಲ್ಲಿ ಉಳಿದರೆ ವರ್ಷಗಟ್ಟಲೆ ಕೊರೆಯುತ್ತದೆ.

ಇಂಥ ಮಾಡೆಲ್‌ಗಳಲ್ಲಿ ಹೆಚ್ಚಿನವು ಜಪಾನ್, ಕೊರಿಯಾಗಳಲ್ಲಿ ಕೈಯಲ್ಲಿ ಬೆಸೆದು ಮಾಡಿದವು. ಅಳತೆ 1:87 (ನಿಜದ ಎಂಜಿನ್ನಿನ 87ರಲ್ಲಿ ಒಂದು ಪಾಲು), ಹಳಿಯ ಅಗಲ 16.5 ಮಿ.ಮೀ., ಚಕ್ರಗಳ ಒಳಬೆನ್ನಿನ ಅಂತರ 14.4ರ ಆಸುಪಾಸು. (1882ರಲ್ಲಿ ಮೈಸೂರಿಗೆ ಬಂದದ್ದು ಮೀಟರ್‌ಗೇಜ್. ಅದನ್ನು ಇದೇ ಅಳತೆಯಲ್ಲಿ ಮಾಡಿದರೆ 12 ಮಿ.ಮೀ. ಹಳಿ ಬೇಕು. ‘ನಮ್ಮೂರ ರೈಲಿನ ಹಳಿ ಮೇಲೆ ಓಡಿಸಿಕೊಡಿ’ ಅಂದರೆ ಚಕ್ರ ಒತ್ತಿ ಸರಿಸುವಷ್ಟಕ್ಕೆ ಮುಗಿಯುವುದಿಲ್ಲ.)

ಬಿಚ್ಚುವ ಮೊದಲು ಆರೂ ಕಡೆಯಿಂದ ಫೋಟೋ ತೆಗೆದುಕೊಳ್ಳಿ. ಬಾಯ್ಲರನ್ನು ಚಾಸಿಗೆ ಹಿಡಿದಿರುವುದು ಬಹುಮಟ್ಟಿಗೆ ಎರಡೇ ಸ್ಕ್ರೂ: ಒಂದು ಸಿಲಿಂಡರ್‌ಗಳ ನಡುವೆ, ಇನ್ನೊಂದು ಕ್ಯಾಬಿನ ಕೆಳಗೆ. ಎರಡರ ಉದ್ದ ಬೇರೆ ಇರಬಹುದು. ಅದಲುಬದಲಾದರೆ ಉದ್ದದ್ದು ಮೇಲೆ ಹೋಗಿ ಮೋಟಾರಿಗೆ ತಾಗುತ್ತದೆ. ಮಾತ್ರೆ ಡಬ್ಬಿಯ ಒಂದೊಂದು ಕೋಣೆಗೆ ಒಂದೊಂದು ಹಾಕಿ ಹೆಸರು ಬರೆದಿಡಿ.

ಬಾಯ್ಲರ್ ತಗ್ಗು ಬಿದ್ದಿದ್ದರೆ ಬೆಸುಗೆಗೆ ಮೊದಲು ಅದು. ಒಳಗಿನ ಸೀಸದ ತೂಕ ತೆಗೆದು, ಬಾಯ್ಲರಿನ ಒಳ ಅಗಲಕ್ಕಿಂತ ತುಸು ಸಣ್ಣದಾದ, ತುದಿ ಉರುಟು ಮಾಡಿದ ಗಟ್ಟಿ ಮರದ ಕೋಲು ತೂರಿಸಿ. ತಗ್ಗಿನ ನಡುವಿಗೆ ಒತ್ತಬೇಡಿ. ಅಂಚಿನಿಂದ ಶುರುಮಾಡಿ ಸುತ್ತು ಹಾಕುತ್ತ ಒಳಕ್ಕೆ ಬನ್ನಿ, ಉಜ್ಜಿ ಉಜ್ಜಿ ಎಬ್ಬಿಸಿ. ಸುತ್ತಿಗೆ ಬೇಡವೇ ಬೇಡ. ಸುತ್ತಿಗೆ ಏಟಿಗೆ ತಗಡು ಹಿಗ್ಗುತ್ತದೆ, ಹಿಗ್ಗಿದ ತಗಡಿಗೆ ಹೋಗಲು ಜಾಗವಿಲ್ಲದೆ ಉಬ್ಬಾಗಿ ನಿಲ್ಲುತ್ತದೆ, ಆ ಉಬ್ಬು ಹೋಗುವುದಿಲ್ಲ. ಚೂಪಾಗಿ ಮಡಿದ ಗೆರೆ ಇನ್ನೂ ಕಷ್ಟ: ಹಿತ್ತಾಳೆ ಬಾಗಿದಷ್ಟೂ ಬಿರುಸಾಗುತ್ತದೆ, ಎರಡು ಮೂರು ಸಲ ಹಿಂದೆಮುಂದೆ ಬಗ್ಗಿಸಿದರೆ ಗೆರೆಯುದ್ದಕ್ಕೂ ಸೀಳು. ಮೆದು ಮಾಡಲು ಕೆಂಪಗೆ ಕಾಯಿಸಬೇಕು, ಅಷ್ಟು ಕಾವಿಗೆ ಮೈಮೇಲಿನ ಎಲ್ಲ ಭಾಗವೂ ಉದುರುತ್ತದೆ. ಹಾಗಾಗಿ ಪೂರ್ತಿ ಬಿಡಿಸಿದ ಕೌಕ್ಯಾಚರ್ (ಎಂಜಿನ್ ಮುಂದಿನ ಜಾಲರಿ), ಮೆಟ್ಟಿಲಿನಂಥ ಬಿಡಿ ತುಂಡಿಗೆ ಮಾತ್ರ ಈ ಉಪಾಯ. ಅದಕ್ಕೂ ಮೊದಲು ಹಳೆ ಸಾಲ್ಡರ್ (ಬೆಸುಗೆಯ ಲೋಹ) ಒಂದಿಷ್ಟೂ ಉಳಿಯದಂತೆ ಕೆರೆದು ತೆಗೆದಿರಬೇಕು. ಇಲ್ಲದಿದ್ದರೆ ಕೆಂಪು ಕಾವಿನಲ್ಲಿ ಅದು ಹಿತ್ತಾಳೆಯೊಳಗೇ ಇಳಿದು ಗುಂಡಿ ಬೀಳಿಸುತ್ತದೆ.

ಇನ್ನು ಬೆಸುಗೆ. ಸಣ್ಣ ಕೆಲಸಕ್ಕೆ ಸಣ್ಣ ಸಾಲ್ಡರಿಂಗ್ ಐರನ್ ಅನ್ನುವುದು ಇಲ್ಲಿ ತಲೆಕೆಳಗು. ಹಿತ್ತಾಳೆ ಶಾಖವನ್ನು ಬೇಗ ಸಾಗಿಸುತ್ತದೆ. 25 ವಾಟ್‌ನ ಚೂಪು ತುದಿಯನ್ನು ಅರ್ಧ ನಿಮಿಷ ಹಿಡಿದು ಕೂತರೆ ಸಾಲ್ಡರ್ ಕರಗುವಷ್ಟರಲ್ಲಿ ಅಕ್ಕಪಕ್ಕದ ಡೋಮ್, ಕೊಳವೆ, ಹಿಡಿಕಂಬಿ ಎಲ್ಲ ಸಡಿಲವಾಗಿರುತ್ತವೆ. 60 ವಾಟ್, ಉಳಿಯಂಥ ಅಗಲ ತುದಿ, 350 ಡಿಗ್ರಿ, ಎರಡು ಮೂರು ಸೆಕೆಂಡ್ ಮುಟ್ಟಿಸಿ ತೆಗೆಯುವುದು. ಕಾವು ಹರಡುವ ಮೊದಲೇ ಕೆಲಸ ಮುಗಿದಿರಬೇಕು. ಪಕ್ಕದ ಭಾಗಗಳಿಗೆ ಒದ್ದೆ ಹತ್ತಿ ಸುತ್ತಿ, ಹಿಡಿಕಂಬಿಗೆ ಅಲ್ಯೂಮಿನಿಯಂ ಕ್ಲಿಪ್ ಕಚ್ಚಿಸಿ. ಅಕ್ಕಸಾಲಿಗಳ ಊದುಗೊಳವೆ, ಬಿಳಿಗಾರ ಚಿನ್ನಬೆಳ್ಳಿಗೆ ಸರಿ. ಆ ಕಾವು ಇಲ್ಲಿಗೆ ತರಬೇಡಿ.

60/40 ಸಾಲ್ಡರ್ (60 ಪಾಲು ತವರ, 40 ಪಾಲು ಸೀಸ) 183 ಡಿಗ್ರಿಗೆ ಕರಗಲು ಶುರುವಾಗಿ 190ರ ಹತ್ತಿರ ನೀರಾಗುತ್ತದೆ. ಕಾರ್ಖಾನೆಯ ಬೆಸುಗೆಯೂ ಹೆಚ್ಚುಕಮ್ಮಿ ಅದೇ ಕಾವಿನದು. ಒಂದರ ಪಕ್ಕ ಇನ್ನೊಂದು ಕೂರಿಸುವಾಗ ಎರಡನೆಯದಕ್ಕೆ ಕಡಿಮೆ ಕಾವಿನದು ಬೇಕು. ಮೊಬೈಲ್ ರಿಪೇರಿ ಸಾಮಾನು ಮಾರುವ ಅಂಗಡಿಗಳಲ್ಲಿ 138 ಡಿಗ್ರಿಯ ತವರ–ಬಿಸ್ಮತ್ ಪೇಸ್ಟ್ ಸಿಗುತ್ತದೆ, ಅದೇ ಸಾಕು. ಒಂದು ಎಚ್ಚರ: ಸೀಸದ ಸಾಲ್ಡರ್ ಉಳಿದಿರುವ ಕಡೆ ಇದನ್ನು ಹಾಕಿದರೆ ಮೂರು ಲೋಹ ಸೇರಿ 96 ಡಿಗ್ರಿಗೇ ಕರಗುವ ಮಿಶ್ರಣ ಹುಟ್ಟುತ್ತದೆ. ಮೊದಲು ತಾಮ್ರದ ವಿಕ್‌ನಿಂದ (ಹೆಣೆದ ತಂತಿಯ ಪಟ್ಟಿ) ಹಳೆಯದನ್ನು ಹೀರಿ ತೆಗೆಯಿರಿ. ಬಿಸ್ಮತ್ ಬೆಸುಗೆ ಪೆಡಸು ಕೂಡ. ಎಳೆತ ಬೀಳುವ ಕಪ್ಲಿಂಗ್ (ಕೊಂಡಿ), ಡ್ರಾಬಾರ್‌ಗೆ (ಹಿಂದಿನ ಗಾಡಿಯನ್ನು ಎಳೆಯುವ ಪಟ್ಟಿ) ಅದು ಬೇಡ.

ಆ್ಯಸಿಡ್ ಫ್ಲಕ್ಸ್ ಬಳಸಿದ ದಿನವೇ ತೊಳೆಯಬೇಕು. ಕಾಲು ಲೀಟರ್ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ, ಹಳೆ ಹಲ್ಲುಜ್ಜುವ ಬ್ರಷ್. ಕೊನೆಯ ಜಾಲಿಸುವಿಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ. ಬೋರ್‌ವೆಲ್ ನೀರು ಒಣಗಿದರೆ ಉಳಿಯುವ ಬಿಳಿ ಕಲೆ ಬಣ್ಣದಡಿ ಹಾಗೇ ಕೂರುತ್ತದೆ.

ಚಾಸಿ ಪರೀಕ್ಷೆಗೆ ಗಾಜಿನ ಹಲಗೆ ಸಾಕು. ವರ್ಮ್ ಗೇರ್ (ಮೋಟಾರಿನ ತಿರುಗನ್ನು ಆ್ಯಕ್ಸಲಿಗೆ ದಾಟಿಸುವ ಸುರುಳಿ ಗೇರ್) ಬಿಡಿಸಿ, ಹಲಗೆ ಓರೆ ಮಾಡಿ, ಮೊದಲು ಚಕ್ರಗಳನ್ನು ಜೋಡಿಸುವ ರಾಡ್ ಇಲ್ಲದೆ, ಆಮೇಲೆ ಒಂದೊಂದೇ ರಾಡ್ ಸೇರಿಸಿ ಉರುಳಲು ಬಿಡಿ. ರಾಡ್ ಹಾಕಿದ ಮೇಲೆ ತಡೆದರೆ ರಾಡಿನ ತೂತು ದೊಡ್ಡದು ಮಾಡುವ ಆಸೆ ಬರುತ್ತದೆ. ತಪ್ಪು ಅಲ್ಲಿಲ್ಲ. ಬಿದ್ದ ಏಟಿಗೆ ಚಕ್ರ ಆ್ಯಕ್ಸಲ್ ಮೇಲೆ ತುಸು ತಿರುಗಿ, ಎಡ–ಬಲ ಕ್ರ್ಯಾಂಕುಗಳ (ಚಕ್ರದಲ್ಲಿ ರಾಡ್ ಸಿಕ್ಕಿಸುವ ಪಿನ್ನುಗಳ) ನಡುವಿನ 90 ಡಿಗ್ರಿ ಎಲ್ಲ ಆ್ಯಕ್ಸಲಿಗೂ ಒಂದೇ ಆಗಿ ಉಳಿದಿರುವುದಿಲ್ಲ. ಸುತ್ತಿಗೊಂದು ಸಲ ‘ಟಕ್’ ಅಂದರೆ ಆ್ಯಕ್ಸಲ್ ಮೇಲಿನ ಪ್ಲಾಸ್ಟಿಕ್ ಗೇರ್ ಸೀಳಿದೆ. ಅಂಟಿಸಿದರೆ ನಿಲ್ಲುವುದಿಲ್ಲ, ಬದಲಿಸಿ.

ಹಳೆಯ ತೆರೆದ ಮೋಟಾರಿನ ಆರ್ಮೇಚರನ್ನು (ಒಳಗೆ ತಿರುಗುವ ಭಾಗ) ಸುಮ್ಮನೆ ಎಳೆದು ತೆಗೆಯಬೇಡಿ. ಆಲ್ನಿಕೋ ಆಯಸ್ಕಾಂತದ ತುದಿಗಳಿಗೆ ಅಡ್ಡ ಒಂದು ಕಬ್ಬಿಣದ ತುಂಡು ಇಲ್ಲದಿದ್ದರೆ ಅದರ ಬಲ ಕುಂದುತ್ತದೆ. ಆಮೇಲೆ ಮೋಟಾರು ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆಯೇ ಹೊರತು ಎಳೆಯುವುದಿಲ್ಲ.

ಇಂಥ ಎಂಜಿನ್ನುಗಳಲ್ಲಿ ಎಂಜಿನ್ ಒಂದು ಹಳಿಯಿಂದ, ಟೆಂಡರ್ (ಹಿಂದಿನ ಕಲ್ಲಿದ್ದಲು–ನೀರಿನ ಗಾಡಿ) ಇನ್ನೊಂದು ಹಳಿಯಿಂದ ಕರೆಂಟ್ ತೆಗೆದುಕೊಳ್ಳುತ್ತವೆ. ಡ್ರಾಬಾರ್ ಪಿನ್ನಿನ ಇನ್ಸುಲೇಟಿಂಗ್ ವಾಷರ್ ಮರೆತರೆ, ಟೆಂಡರಿನ ಬೋಗಿ (ಅಡಿಯ ಚಕ್ರಗಳ ಚೌಕಟ್ಟು) ತಿರುವುಮುರುವಾದರೆ ನೇರ ಶಾರ್ಟ್. ಹಳಿಗೆ ಇಡುವ ಮೊದಲು ಮಲ್ಟಿಮೀಟರ್ ಹಿಡಿದು ನೋಡಿ.

ಬಣ್ಣಕ್ಕೆ ಮೊದಲು ಎಚ್ (etch) ಪ್ರೈಮರ್, ಅಂದರೆ ಲೋಹಕ್ಕೆ ಕಚ್ಚಿಕೊಳ್ಳುವ ತಳಬಣ್ಣ, ತೆಳ್ಳಗೆ. ಜಿಟಿಜಿಟಿ ಮಳೆಯ ದಿನ ಲ್ಯಾಕರ್ ಹೊಡೆದರೆ ಬಿಳಿ ಮಬ್ಬು ಕಟ್ಟುತ್ತದೆ, ಬಿಸಿಲು ಬರುವವರೆಗೆ ಕಾಯಿರಿ. ಓವನ್‌ನಲ್ಲಿ ಒಣಗಿಸುವುದಿದ್ದರೆ 60–65 ಡಿಗ್ರಿ ದಾಟಬೇಡಿ.

ಕೊನೆಗೆ ಮಾಡೆಲ್ ಬಂದ ಡಬ್ಬಿಯ ಫೋಮ್ ಮುಟ್ಟಿ ನೋಡಿ. ಹಳೆಯ ಹಳದಿ ಫೋಮ್ ಪುಡಿಯಾಗಿ, ಅಂಟಂಟಾಗಿ ಹೊಸ ಬಣ್ಣಕ್ಕೆ ಹತ್ತಿಕೊಳ್ಳುತ್ತದೆ. ಅದನ್ನು ಬಿಸಾಡಿ, ಎಂಜಿನನ್ನು ಆಮ್ಲವಿಲ್ಲದ ಟಿಶ್ಯೂ ಕಾಗದದಲ್ಲಿ ಸುತ್ತಿ, ಹೊಸ ಪಾಲಿಎಥಿಲೀನ್ ಫೋಮ್ ನಡುವೆ ಒಂದು ಪೊಟ್ಟಣ ಸಿಲಿಕಾ ಜೆಲ್ ಜೊತೆ ಇಟ್ಟು ಕೊಡಿ.