ನೀತಿ ಕೇಳುವ ಮೊದಲು ಕಥೆ ಕೇಳಿ

ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ನಮ್ಮ ಗ್ರಂಥಾಲಯದ ಮಕ್ಕಳ ವಹಿಯಲ್ಲಿ ‘ನೀತಿಕಥೆಗಳಿಗೆ ಒತ್ತು ಕೊಡತಕ್ಕದ್ದು’ ಎಂದು ಷರಾ ಬರೆದು ಹೋದರು. ಆ ಷರಾ ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ.

ಕಾರವಾರ ತಾಲೂಕಿನ ಮೀನುಗಾರರ ಊರೊಂದರಲ್ಲಿ ನಾನು ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಓದಿನ ರುಚಿ ಹತ್ತಿಸುವ ‘ಓದುವ ಬೆಳಕು’ ಕಾರ್ಯಕ್ರಮ 2020ರಲ್ಲಿ ಆರಂಭವಾದಂದಿನಿಂದ ಶಾಲೆ ಬಿಟ್ಟ ಮೇಲೆ ಮಕ್ಕಳು ಇತ್ತ ಬರುತ್ತಾರೆ; ಹೆಚ್ಚಿನವರ ಮನೆಮಾತು ಕೊಂಕಣಿ. ಅಧಿಕಾರಿ ಬಂದ ದಿನ ನಾವು ಓದುತ್ತಿದ್ದುದು, ಜುಲೈ ತಿಂಗಳ ಗಾಳಿಮಳೆಯಲ್ಲಿ ಕಡಲಿಗೆ ಹೋದ ಅಪ್ಪನಿಗಾಗಿ ಕಾಯುವ ಹುಡುಗಿಯ ಕಥೆ. ಐದನೇ ತರಗತಿಯ ಹುಡುಗನೊಬ್ಬ ನಡುವೆಯೇ ತಡೆದ: “ಅಕ್ಕೋರೇ, ಜುಲೈ ತಿಂಗಳಲ್ಲಿ ಟ್ರಾಲರ್ ಹೋಗುದಿಲ್ಲ, ಬಂದ್ ಇರ್ತದೆ.”

ಅವನು ಹೇಳಿದ್ದು ಸರಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿರುತ್ತದೆ. ಹಾಗಾದರೆ ಅಪ್ಪ ಹೋದದ್ದು ಹೇಗೆ ಎಂದು ಕೇಳಿದೆ. ನಾಡದೋಣಿಯಲ್ಲಿ ಹೋಗಿರಬೇಕು ಎಂದು ಒಬ್ಬ, ಸಾಲ ಇದ್ದಿರಬೇಕು ಎಂದು ಒಬ್ಬಳು, ಮನೆಯಲ್ಲಿ ಹೇಳದೆಯೇ ಹೊರಟಿರಬೇಕು ಎಂದು ಮತ್ತೊಬ್ಬಳು. ಕನ್ನಡದಲ್ಲಿ ಒಂದು ಪೂರ್ತಿ ವಾಕ್ಯ ಆಡಲು ಹಿಂಜರಿಯುವ ಮಕ್ಕಳು, ಪುಸ್ತಕದಲ್ಲಿ ಎಲ್ಲಿಯೂ ಬರೆಯದ ಕಾರಣಗಳನ್ನು ಒಂದರ ಮೇಲೊಂದು ಹುಡುಕುತ್ತ, ಕಾಣದ ಆ ಮನುಷ್ಯನ ಪರವಾಗಿ ವಾದಿಸುತ್ತಿದ್ದರು.

ಬಾಗಿಲಲ್ಲಿ ನಿಂತಿದ್ದ ಅಧಿಕಾರಿ ಆಗ ಅದೇ ಹುಡುಗನನ್ನು ಕೇಳಿದರು: “ಈ ಕಥೆಯ ನೀತಿ ಏನು?” ಅವನ ಮಾತು ನಿಂತುಹೋಯಿತು. ನನ್ನ ಮುಖ ನೋಡಿದ. ಉತ್ತರವನ್ನು ಹೇಳಿಕೊಡಬಹುದಿತ್ತು, ಆದರೆ ಹೇಳಿಕೊಟ್ಟರೆ ಅಷ್ಟು ಹೊತ್ತು ಅವನೇ ಯೋಚಿಸಿದ್ದೆಲ್ಲ ತಪ್ಪೆಂದು ಅವನಿಗೆ ಅನ್ನಿಸುತ್ತಿತ್ತು. ಸುಮ್ಮನಿದ್ದೆ. ಕೋಣೆಯಲ್ಲಿ ಯಾರೂ ಅಲುಗಾಡಲಿಲ್ಲ. ಕೊನೆಗೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು “ದೊಡ್ಡವರ ಮಾತು ಕೇಳಬೇಕು ಸರ್” ಎಂದಳು. ಆ ಕಥೆಯಲ್ಲಿ ದೊಡ್ಡವರ ಮಾತು ಮೀರಿದವರು ಯಾರೂ ಇರಲಿಲ್ಲ. ಅಧಿಕಾರಿಗೆ ಸಮಾಧಾನವಾಯಿತು.

ಮಗು ತನ್ನದಲ್ಲದ ಬದುಕಿನೊಳಗೆ ಹೊಕ್ಕು ‘ಇವನೇಕೆ ಹೀಗೆ ಮಾಡಿದ’ ಎಂದು ಕೇಳತೊಡಗುವುದೇ ಕಥೆಯ ಶಕ್ತಿಯೆಂದು ನಾನು ನಂಬಿದ್ದೇನೆ. ನೀತಿಯ ಪ್ರಶ್ನೆ ಬಂದೊಡನೆ ಅದು ಪರೀಕ್ಷೆಯಾಗುತ್ತದೆ, ಬಾಯಿಪಾಠದ ಉತ್ತರ ಹೊರಬರುತ್ತದೆ.

ಈಗ ನಾನು ಕಥೆಯನ್ನು ಬೇಕೆಂದೇ ಅರ್ಧಕ್ಕೆ ನಿಲ್ಲಿಸಿ, ಮಕ್ಕಳು ಮಾತಾಡುವವರೆಗೆ ಕಾಯುತ್ತೇನೆ. ತಿಂಗಳ ವರದಿಯ ‘ಕಲಿತ ನೀತಿ’ ಕಾಲಂನಲ್ಲಿ ಅವರು ಕೇಳಿದ ಪ್ರಶ್ನೆಗಳನ್ನೇ ಬರೆದು ಕಳುಹಿಸುತ್ತೇನೆ. ಗ್ರಂಥಾಲಯಕ್ಕೆ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳೇ ತುಂಬಿದ ಕಟ್ಟುಗಳು ಬರುತ್ತಲೇ ಇವೆ. ಈ ಸಲದ ಬೇಡಿಕೆ ಪಟ್ಟಿಯಲ್ಲಿ ಮಕ್ಕಳ ಕಾದಂಬರಿಗಳನ್ನು ಮೊದಲಿಗೆ ಬರೆದಿದ್ದೇನೆ.